ಟಿಕೆಟ್ ಇಲ್ಲದವನು ಕಳ್ಳನಾ?

ಉದ್ದ ಪೋಸ್ಟ್ ಇದು, ಚಹಾ ತಗೊಂಡು ಕೂತು ಓದಿ.

ಡಿಸೆಂಬರ್ 6 ಹತ್ತಿರ ಬಂತು. ನಮ್ಮ ಕಲಬುರಗಿ ಕಡೆಯ ಮಂದಿ ದಾದರಿಗೆ ಹೋಗೋ ಲೆಕ್ಕ ಶುರು ಮಾಡಿದ್ದಾರೆ. ನಾನೂ ರಜೆ ಅರ್ಜಿ ಕೊಟ್ಟೆ. ಅದೇ ದಿನ ಮಧ್ಯಾಹ್ನ ಆಫೀಸಲ್ಲಿ ಬುತ್ತಿ ಬಿಚ್ಚಿ ಕೂತಾಗ ಮಾತು ರೈಲಿನ ಮೇಲೆ ಹೋಯ್ತು. ಹಿರಿಯ ಸಹೋದ್ಯೋಗಿ ಒಬ್ಬರು, ಮನಸ್ಸಿನಲ್ಲಿ ಕೆಟ್ಟದ್ದು ಇಲ್ಲದ ಮನುಷ್ಯ, ರೊಟ್ಟಿ ಮುರೀತಾ ಹೇಳಿದರು: "ಹೆಣ್ಮಕ್ಕಳಿಗೆ ಬಸ್ ಫ್ರೀ ಆತು. ನಾಳೆ ರೈಲೂ ಫ್ರೀ ಮಾಡ್ರಿ ಅಂತ ಕೇಳವ್ರೇ ನೀವು. ಮಾಡಿದ್ರ ಏನಾಗ್ತದ ಗೊತ್ತದೇನ್ರಿ? ಕುಡುಕರು, ಕಿಸೆಗಳ್ಳರು, ಊರು ಕೇರಿ ಇಲ್ಲದವ್ರು ಎಲ್ಲಾ ಬಂದು ಡಬ್ಬಿ ತುಂಬ್ಕೊಂತಾರ. ಮರ್ಯಾದಸ್ಥರು ಹತ್ತಂಗಿಲ್ಲ. ಟಿಕೆಟ್ ಅನ್ನೂದು ಒಂದು ಸಾಣಿಗಿ ಇದ್ದಂಗ."

ಸಾಣಿಗಿ ಅಂದ್ರೆ ಜರಡಿ. ಹಿಟ್ಟು ಕೆಳಗೆ, ತೌಡು ಮೇಲೆ. ನಾನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ನನಗೇ ಸಿಟ್ಟು ತರಿಸ್ತು. ಮನೆಗೆ ಬಂದು ಹಳೇ ಟಿಪ್ಪಣಿ ಎಲ್ಲಾ ತೆಗೆದು ಕೂತೆ. ನಾನು ಬಿಎ ಓದಿದ ಗುಮಾಸ್ತ, ಇತಿಹಾಸ ಸಂಶೋಧಕ ಅಲ್ಲ. ಆದ್ರೆ ಈ ಜರಡಿ ಯಾರನ್ನ ಸೋಸ್ತು ಅಂತ ತಿಳ್ಕೊಳ್ಳೋಕೆ ದೊಡ್ಡ ಡಿಗ್ರಿ ಬೇಕಾಗಿಲ್ಲ.

ಮೊದಲು ಒಂದು ತಮಾಷೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಾಗ ಅದರ 14 ಡಬ್ಬಿಗಳಲ್ಲಿ ಸುಮಾರು 400 ಜನ ಇದ್ದರು. ಅವರು ಆಮಂತ್ರಣದ ಮೇಲೆ ಬಂದ ಅತಿಥಿಗಳು. 21 ತೋಪು ಹಾರಿಸಿ ಕಳಿಸಿದರು. ಈ ದೇಶದ ಮೊದಲ ರೈಲಿನ ಸವಾರಿ ಫ್ರೀ ಸವಾರಿ! ಇದರಿಂದ ಅಪರಾಧ ಹೆಚ್ಚಾಯ್ತು ಅಂತ ಯಾರೂ ಬರೆದಿಟ್ಟಿಲ್ಲ.

ಆಮೇಲೆ ಹಳಿ ಹಬ್ಬಿತು. 1871ಕ್ಕೆ ನಮ್ಮ ರಾಯಚೂರಿನಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿದವು. ರೈಲು ಬಂದಾಗ ಮೇಲ್ಜಾತಿಯವರ ದೊಡ್ಡ ಚಿಂತೆ ಕಳ್ಳರದ್ದಲ್ಲ, ಮೈಲಿಗೆಯದ್ದು. ಒಂದೇ ಹಲಗೆ ಮೇಲೆ ಯಾರ ಪಕ್ಕ ಯಾರು ಕೂಡಬೇಕು? ಜಾತಿಗೊಂದು ಡಬ್ಬಿ ಕೊಡಿ ಅಂತ ಬೇಡಿಕೆ ಹೋದವು. ಕಂಪನಿಗಳು ಒಪ್ಪಲಿಲ್ಲ. ಸಮಾನತೆ ಮೇಲಿನ ಪ್ರೀತಿಯಿಂದ ಅಲ್ಲ, ಡಬ್ಬಿ ಖಾಲಿ ಓಡಿಸಿದ್ರೆ ನಷ್ಟ ಅಂತ. ಅದರ ಬದಲು ದರ್ಜೆ ಇಟ್ಟರು. ಒಂದನೇದು, ಎರಡನೇದು, ಮೂರನೇದು. ಮೂರನೇ ದರ್ಜೆಯಲ್ಲಿ ದನ ತುಂಬಿದಂಗೆ ತುಂಬಿದರು, ಕಂಪನಿಗಳಿಗೆ ಪ್ರಯಾಣಿಕರಿಂದ ಬರೋ ದುಡ್ಡಿನ ಬಹುಪಾಲು ಅಲ್ಲಿಂದಲೇ ಬಂತು. ಆ ಹೆಸರು ಹೋಗಿದ್ದು 1974ರಲ್ಲಿ. ಹೆಸರು ಹೋಯ್ತು, ಜನರಲ್ ಡಬ್ಬಿ ಉಳೀತು.

ಡಬ್ಬಿಯಲ್ಲಿ ಬಿಟ್ಟುಕೊಟ್ಟದ್ದನ್ನ ಪ್ಲಾಟ್‌ಫಾರ್ಮಿನಲ್ಲಿ ವಾಪಸ್ ತಗೊಂಡರು. ಸ್ಟೇಷನ್‌ಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ್ ನೀರು ಬೇರೆ. ದಕ್ಷಿಣದ ಸ್ಟೇಷನ್‌ಗಳಲ್ಲಿ ಬ್ರಾಹ್ಮಣರಿಗೆ ಬೇರೆ ಊಟದ ಜಾಗ ಇತ್ತು. ಪೆರಿಯಾರ್ ಅದರ ವಿರುದ್ಧ ಹೋರಾಡಬೇಕಾಯ್ತು. ನಮ್ಮವರಿಗೆ ಯಾವ ಕೊಡದ ನೀರು ಅಂತ ಕೇಳಬೇಡಿ.

ಈಗ ಅಪರಾಧದ ಮಾತಿಗೆ ಬರೋಣ. ರೈಲಲ್ಲಿ ಕಳ್ಳತನ ಮೊದಲಿಂದಲೂ ಇತ್ತು, ಸುಳ್ಳಲ್ಲ. ಆದ್ರೆ ಬ್ರಿಟಿಷರು ಅದಕ್ಕೆ ಕಂಡುಕೊಂಡ ಉತ್ತರ ನೋಡಿ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಇಡೀ ಇಡೀ ಸಮುದಾಯಗಳನ್ನ ಹುಟ್ಟು ಅಪರಾಧಿಗಳು ಅಂತ ರಿಜಿಸ್ಟರ್‌ನಲ್ಲಿ ಬರೆದರು. 1911ರಲ್ಲಿ ಅದನ್ನ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಾಸಿದರು. ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಸೆಟ್ಲ್‌ಮೆಂಟ್ ಕಟ್ಟಿ ಹೆಂಡತಿ ಮಕ್ಕಳ ಸಮೇತ ಕೂಡಿಹಾಕಿದರು. ಹಾಜರಿ ಕೊಡದೆ ಹೊರಗೆ ಹೋಗಂಗಿಲ್ಲ. ಹುಬ್ಬಳ್ಳಿಯವರಿಗೆ 'ಸೆಟ್ಲ್‌ಮೆಂಟ್' ಅಂದ್ರೆ ಇವತ್ತಿಗೂ ಗೊತ್ತು. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯ್ತು.

ಆ ಕಾಲದ ಪೊಲೀಸ್ ಅಧಿಕಾರಿಗಳು ಈ ಸಮುದಾಯಗಳ ಬಗ್ಗೆ ಪುಸ್ತಕ ಬರೆದಿದ್ದಾರೆ. ಮುಂಬೈ ಪ್ರಾಂತ್ಯದ ಭಾಮ್ಟಾ ಸಮುದಾಯವನ್ನ 'ರೈಲ್ವೆ ಕಳ್ಳರು' ಅಂತಲೇ ಕರೆದರು. ಒಂದು ಜಾತಿಗೆ ಒಂದು ಅಪರಾಧ ಹಂಚಿಕೊಟ್ಟಂಗೆ. ಮನುಸ್ಮೃತಿ ಕೆಲಸ ಹಂಚಿತ್ತು, ಇವರು ಕಳವು ಹಂಚಿದರು. ಗಂಟು ಕದಿಯುವವರು ಅಂತ ಅರ್ಥ ಬರುವ 'ಗಂಟಿಚೋರ್' ಅನ್ನೋ ಹೆಸರು ಇವತ್ತಿಗೂ ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ. ಆ ಹೆಸರಿನ ಸರ್ಟಿಫಿಕೇಟ್ ಹಿಡ್ಕೊಂಡು ಹೋಗೋ ಹುಡುಗಿಯ ಮುಖ ಒಂದು ಸಲ ನೆನೆಸ್ಕೊಳ್ಳಿ.

ಆದರೆ ಆ ಪುಸ್ತಕಗಳಲ್ಲೇ ಒಂದು ಮಾತಿದೆ, ಬರೆದವರೇ ಅದರ ಅರ್ಥ ಗಮನಿಸಿದಂಗೆ ಕಾಣಲ್ಲ. ರೈಲ್ವೆ ಕಳ್ಳ ಹೆಂಗೆ ಕೆಲಸ ಮಾಡ್ತಾನೆ ಅಂತ ವಿವರಿಸೋವಾಗ ಹೇಳ್ತಾರೆ: ಒಳ್ಳೆ ಬಟ್ಟೆ ಹಾಕ್ಕೊಂಡು ಬರ್ತಾನೆ, ದೂರದ ಊರಿಗೆ ಟಿಕೆಟ್ ತಗೊಳ್ತಾನೆ, ಕೈಯಲ್ಲಿ ಒಂದು ಚೀಲ ಇಟ್ಕೊಂಡು ಎಲ್ಲರಂತೆ ಹತ್ತುತ್ತಾನೆ, ನಿದ್ದೆ ಬಂದವನಂಗೆ ಕೆಳಗೆ ಮಲಗಿ ಹಲಗೆ ಕೆಳಗಿನ ಗಂಟಿಗೆ ಕೈ ಹಾಕ್ತಾನೆ. ನೋಡಿದ್ರಾ? ಕಳ್ಳ ಟಿಕೆಟ್ ತಗೊಂಡೇ ಹತ್ತುತ್ತಾನೆ. ಅವನಿಗೆ ಟಿಕೆಟ್ ಅಂದ್ರೆ ಬಂಡವಾಳ. ಟಿಕೆಟ್ ಇಲ್ಲದೆ ಹತ್ತಿ ಟಿಸಿ ಕಣ್ಣಿಗೆ ಬೀಳೋ ಪೆದ್ದತನ ಅವನು ಮಾಡಲ್ಲ. ಹಂಗಾದ್ರೆ ನೂರೈವತ್ತು ವರ್ಷದಿಂದ ಈ ಜರಡಿಯಲ್ಲಿ ಸಿಕ್ಕಿಬಿದ್ದವನು ಯಾರು? ಬರೀ ದುಡ್ಡಿಲ್ಲದವನು.

ಇನ್ನು ಬಾಬಾಸಾಹೇಬರ ಕಡೆಗೆ ಬರ್ತೀನಿ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಬರೆದ ಮಸೂರು ಸ್ಟೇಷನ್ನಿನ ಕಥೆ ನಮ್ಮಲ್ಲಿ ಬಹಳ ಜನ ಓದಿದ್ದೀರಿ. 1901ರ ಸುಮಾರು, ಹತ್ತು ವರ್ಷದ ಹುಡುಗ. ಅಣ್ಣ, ಅಕ್ಕನ ಮಕ್ಕಳ ಜೊತೆ ಕೋರೆಗಾಂವದಲ್ಲಿದ್ದ ಅಪ್ಪನ ಹತ್ತಿರ ಹೊರಟಿದ್ದಾರೆ. ಹೊಸ ಅಂಗಿ, ಜೀವನದಲ್ಲಿ ಮೊದಲ ಸಲ ರೈಲು ನೋಡೋ ಖುಷಿ. ಅವರ ಹತ್ತಿರ ಟಿಕೆಟ್ ಇತ್ತು. ಮಸೂರಿನಲ್ಲಿ ಇಳಿದರು, ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರ ಒಳ್ಳೆ ಮನೆ ಹುಡುಗರು ಅಂದ್ಕೊಂಡು ಮಾತಾಡಿಸಿದ. ಯಾರು ನೀವು ಅಂದಾಗ ಮಹಾರರು ಅಂದುಬಿಟ್ಟರು. ಅಷ್ಟೇ, ಮುಖ ಬದಲಾಯ್ತು. ಗಾಡಿಯವರು ಎರಡು ಪಟ್ಟು ಬಾಡಿಗೆ ಕೊಡ್ತೀವಿ ಅಂದ್ರೂ ಬರಲಿಲ್ಲ. ಕಡೆಗೆ ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವ ಪಕ್ಕದಲ್ಲಿ ನಡ್ಕೊಂಡು ಬರ್ತಾನೆ ಅಂತ ಒಪ್ಪಂದ ಆಯ್ತು. ರಾತ್ರಿಯೆಲ್ಲಾ ಕುಡಿಯೋಕೆ ನೀರು ಸಿಗಲಿಲ್ಲ.

ಟಿಕೆಟ್ಟಿದ್ದರೆ ಮರ್ಯಾದೆ ಅಂತಾರಲ್ಲ, ಆ ಟಿಕೆಟ್ಟಿನ ಬೆಲೆ ಎಷ್ಟು ದೂರದವರೆಗೆ ಅಂತ ನನಗೆ ತಿಳಿದಿದ್ದು ಈ ಪುಟಗಳಿಂದ. ಪ್ಲಾಟ್‌ಫಾರ್ಮಿನ ಆ ತುದಿವರೆಗೆ.

ನನ್ನದೊಂದು ಇದೆ, ಇದುವರೆಗೆ ಎಲ್ಲೂ ಬರೆದಿಲ್ಲ. ಏಳು ವರ್ಷ ಇರಬೇಕು ನನಗೆ. ಅಪ್ಪ ಮೊದಲ ಸಲ ನನ್ನನ್ನ ದಾದರಿಗೆ ಕರ್ಕೊಂಡು ಹೋದ. ಐದು ವರ್ಷದ ಮೇಲಿನ ಮಕ್ಕಳಿಗೆ ಅರ್ಧ ಟಿಕೆಟ್. ಅಪ್ಪ ತನಗೊಂದೇ ತೆಗೆಸಿದ್ದ. "ಕೇಳಿದ್ರ ನಾಕು ಅನ್ನು, ಕಾಲು ಮಡಚಿ ಕೂಡು" ಅಂದಿದ್ದ. ಜನರಲ್ ಡಬ್ಬಿ, ಕಾಲಿಡೋಕೆ ಜಾಗ ಇಲ್ಲ, ನೀಲಿ ಬಾವುಟ, ಹಾಡು. ನಡುರಾತ್ರಿ ಟಿಸಿ ಬಂದ. ಕೆಟ್ಟವನೇನಲ್ಲ, ನಗ್ತಾನೇ ಗಲ್ಲ ಹಿಂಡಿ ಎಷ್ಟನೇತ್ತಾ ಓದ್ತೀಯಪ್ಪ ಅಂದ. ನಾನು ಶಾಲೆಯಲ್ಲಿ ಜಾಣ. "ಎರಡನೇತ್ತ ಸರ್" ಅಂದೆ.

ಅಪ್ಪ ದಂಡ ಕಟ್ಟಿದ. ಎಷ್ಟು ಅಂತ ನೆನಪಿಲ್ಲ. ದಾದರಿನಲ್ಲಿ ಬಾಬಾಸಾಹೇಬರ ಕಟ್ಟು ಹಾಕಿದ ಫೋಟೋ ತಗೋತೀನಿ ಅಂತ ಅವ್ವಗೆ ಹೇಳಿ ಬಂದಿದ್ದ, ತಗೊಳ್ಳಲಿಲ್ಲ. ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಕಾನೂನಿನ ಪ್ರಕಾರ ಅವತ್ತು ಆ ಡಬ್ಬಿಯಲ್ಲಿದ್ದ ಅಪರಾಧಿ ನನ್ನಪ್ಪ. ಈಗಿನ 1989ರ ರೈಲ್ವೆ ಕಾಯ್ದೆ ತೆಗೆದು ನೋಡಿ. ಮೋಸದಿಂದ ಟಿಕೆಟ್ ಇಲ್ಲದೆ ಹೋದ್ರೆ ಕಲಂ 137, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಟಿಕೆಟ್ ಇಲ್ಲದೆ ಸಿಕ್ಕರೆ ಕಲಂ 138ರ ಪ್ರಕಾರ ಟಿಕೆಟ್ ದರದ ಜೊತೆ ಕನಿಷ್ಠ 250 ರೂಪಾಯಿ ಹೆಚ್ಚುವರಿ. ಲೈಸೆನ್ಸ್ ಇಲ್ಲದೆ ಕಡಲೆ ಮಾರಿದ್ರೆ ಕಲಂ 144. ಅಂದ್ರೆ ರೈಲಿನ 'ಅಪರಾಧ'ಗಳ ಸಾಲಿನಲ್ಲಿ ಬಡತನಕ್ಕೇ ಒಂದೊಂದು ನಂಬರ್ ಕೊಟ್ಟಿದ್ದಾರೆ. ಟಿಕೆಟ್ಟೇ ಇಲ್ಲ ಅಂದ್ರೆ ಟಿಕೆಟ್ಟಿಲ್ಲದ ಅಪರಾಧವೂ ಇಲ್ಲ. ಫ್ರೀ ಮಾಡಿದ್ರೆ ಅಪರಾಧ ಹೆಚ್ಚಾಗ್ತದೆ ಅನ್ನೋರು ಮೊದಲು ಈ ಲೆಕ್ಕ ಕಳೀಬೇಕು.

ಇದು ನಮ್ಮ ದೇಶದ್ದೊಂದೇ ಹಣೆಬರಹ ಅಲ್ಲ. ಜರ್ಮನಿಯಲ್ಲೂ ಟಿಕೆಟ್ ಇಲ್ಲದೆ ಹತ್ತೋದು ಜೈಲಿಗೆ ಹೋಗೋ ಅಪರಾಧ. ಆ ಕಲಂ ಸೇರಿಸಿದ್ದು 1935ರಲ್ಲಿ, ಹಿಟ್ಲರ್ ಕಾಲದಲ್ಲಿ. ದಂಡ ಕಟ್ಟೋಕೆ ಆಗದವರು ಇವತ್ತಿಗೂ ಜೈಲಿಗೆ ಹೋಗ್ತಾರೆ, ಅವರ ದಂಡ ಕಟ್ಟಿ ಬಿಡಿಸೋಕೆ ಅಂತಲೇ ಒಂದು ನಿಧಿ ಇದೆ. ಅದೇ ಜರ್ಮನಿ 2022ರ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು, ತಿಂಗಳಿಗೆ ಬರೀ 9 ಯೂರೋಗೆ ಬಸ್ಸು, ಊರೂರಿನ ರೈಲು ಎಲ್ಲಾ ಹತ್ತೋ ಟಿಕೆಟ್ ಕೊಟ್ಟಿತು. ಸುಮಾರು 5.2 ಕೋಟಿ ಟಿಕೆಟ್ ಖರ್ಚಾದವು. ಅಲ್ಲಿ ಸಿಲ್ಟ್ ಅಂತ ಶ್ರೀಮಂತರ ದ್ವೀಪ ಇದೆ. ಆ ಟಿಕೆಟ್ ಹಿಡ್ಕೊಂಡು ಪಂಕ್ ಹುಡುಗರು, ಕೂದಲಿಗೆ ಬಣ್ಣ ಬಳ್ಕೊಂಡವರು, ಅಲ್ಲಿಗೆ ಹೋಗಿ ಪೇಟೆ ನಡುವೆ ಕೂತು ಬಿಯರ್ ಕುಡಿದರು. ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ಗಲೀಜು ಮಾಡಿದ್ದು ನಿಜ, ನಾನು ಸಮರ್ಥಿಸ್ಕೊಳ್ಳಲ್ಲ. ಆದ್ರೆ ಅದೇ ದ್ವೀಪದಲ್ಲಿ ಶ್ರೀಮಂತರು ಕುಡಿದಾಗ ಅದಕ್ಕೆ ರಜೆ ಅಂತಿದ್ದರು.

ಪುಟ್ಟ ಲಕ್ಸೆಂಬರ್ಗ್ 2020ರ ಫೆಬ್ರವರಿ 29ರಿಂದ ಇಡೀ ದೇಶದ ಬಸ್ಸು, ಟ್ರಾಮು, ರೈಲು ಫ್ರೀ ಮಾಡಿತು. ಒಂದನೇ ದರ್ಜೆಗೆ ಮಾತ್ರ ದುಡ್ಡು. ಟಿಕೆಟ್ ಹೋಯ್ತು ಅಂತ ರೈಲಿನ ಸಿಬ್ಬಂದಿಯನ್ನ ಮನೆಗೆ ಕಳಿಸಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ನನ್ನ ವಾದಕ್ಕೆ ಒಗ್ಗದ್ದನ್ನೂ ಹೇಳಬೇಕು. ಅಮೆರಿಕದ ಆಸ್ಟಿನ್ ಊರಲ್ಲಿ 1989ರ ಅಕ್ಟೋಬರ್‌ನಿಂದ 1990ರ ಕೊನೆವರೆಗೆ ಬಸ್ ಫ್ರೀ ಮಾಡಿದ್ದರು. ಬಸ್ಸು, ರೈಲಲ್ಲ. ಜನ ಬಹಳ ಹೆಚ್ಚಿದರು. ಜೊತೆಗೆ ಕುಡಿದು ಬಂದವರು, ಸುಮ್ಮನೆ ಸುತ್ತೋ ಹುಡುಗರು ಹತ್ತಿ ಗಲಾಟೆ ಮಾಡ್ತಾರೆ ಅಂತ ಡ್ರೈವರ್‌ಗಳು ದೂರಿದರು, ಯೋಜನೆ ನಿಂತುಹೋಯ್ತು. ಫ್ರೀ ವಿರೋಧಿಗಳು ಇವತ್ತಿಗೂ ಇದನ್ನೇ ತೋರಿಸ್ತಾರೆ, ತೋರಿಸಲಿ. ಆ ಡ್ರೈವರ್‌ಗಳೂ ಕೂಲಿಕಾರರೇ, ಅವರ ದೂರನ್ನ ನಾನು ತಳ್ಳಿಹಾಕಲ್ಲ. ನನ್ನ ಪ್ರಶ್ನೆ ಇಷ್ಟೇ: ಒಬ್ಬನೇ ಡ್ರೈವರ್ ಕೈಗೆ ತುಂಬಿದ ಬಸ್ ಕೊಟ್ಟು, ಹೆಚ್ಚಿಗೆ ಬಂದ ಜನರನ್ನ ನೋಡ್ಕೋ ಅಂದ್ರೆ ತಪ್ಪು ಫ್ರೀದೋ, ಸಿಬ್ಬಂದಿ ಕೊಡದವರದ್ದೋ?

ನಮ್ಮ ಸಂಘಟನೆಯ ಅಕ್ಕ ಒಬ್ಬರ ಹತ್ತಿರ ಇದನ್ನ ಮಾತಾಡಿದೆ. ಮನೆಗೆಲಸಕ್ಕೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರು. ಅವರು ನನ್ನಷ್ಟು ಸಲೀಸಾಗಿ ಒಪ್ಪಲಿಲ್ಲ. "ತಮ್ಮಾ, ನೀ ಗಂಡಸು, ಬರೀತಿ. ಸಂಜಿ ಗಾಡ್ಯಾಗ ಗದ್ದಲ ಆದ್ರ ನಮ್ಮ ಮೈಮ್ಯಾಲ ಯಾರ ಕೈ ಬಿತ್ತು ಅಂತ ಗೊತ್ತಾಗಂಗಿಲ್ಲ. ಫ್ರೀ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಡಬ್ಬಿ ಹೆಚ್ಚು ಮಾಡು, ದೀಪ ಹಚ್ಚು, ಪೊಲೀಸನ್ನ ನಮ್ಮ ಡಬ್ಬಿಗೂ ಕಳಸು." ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಲಕ್ಸೆಂಬರ್ಗಿನ ಸಿಬ್ಬಂದಿ ಮಾತು ಹೇಳಿದ್ದು ಇದಕ್ಕೇ. ನಮ್ಮಲ್ಲಿ ಉದ್ದನೇ ರೈಲಿಗೆ ಮುಂದೊಂದೆರಡು ಹಿಂದೊಂದೆರಡು ಜನರಲ್ ಡಬ್ಬಿ ಹಚ್ಚಿ, ಅದರೊಳಗೆ ಊರನ್ನೇ ತುರುಕಿ, ಆಮೇಲೆ ಒಳಗಿನವರಿಗೆ ಶಿಸ್ತಿಲ್ಲ ಅಂತಾರೆ. ಟಿಸಿ ದಂಡ ಹಾಕೋಕೆ ಆ ಡಬ್ಬಿಗೆ ಬರ್ತಾನೆ, ಕಾಯೋಕೆ ಬರಲ್ಲ.

ನಮ್ಮ ಶಕ್ತಿ ಯೋಜನೆಯನ್ನೇ ತಗೊಳ್ಳಿ. 2023ರ ಜೂನ್ 11ಕ್ಕೆ ಶುರುವಾದಾಗ ವಾಟ್ಸಾಪ್ ತುಂಬಾ ಸೀಟಿಗೆ ಜುಟ್ಟು ಹಿಡಿದು ಜಗಳಾಡೋ ಹೆಂಗಸರ ವಿಡಿಯೋ. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣ ಆಗಿತ್ತು. ಅದರಲ್ಲಿ ನನ್ನವ್ವ ತವರಿಗೆ ಹೋಗಿದ್ದೂ ಇದೆ, ತಂಗಿ ನರ್ಸಿಂಗ್ ಕಾಲೇಜಿಗೆ ಹೋಗಿದ್ದೂ ಇದೆ. ಅದರ ವಿಡಿಯೋ ಯಾರೂ ಮಾಡಲಿಲ್ಲ.

ಹಾಗೆ ನೋಡಿದ್ರೆ ರೈಲು ಈಗಲೇ ಅರ್ಧ ಫ್ರೀ. ನೂರು ರೂಪಾಯಿ ಖರ್ಚಿಗೆ 54 ರೂಪಾಯಿ ತಗೋತೀವಿ ಅಂತ ರೈಲ್ವೆ ಮಂತ್ರಿಗಳೇ 2024ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದರು. ಪಾರ್ಲಿಮೆಂಟ್ ಸದಸ್ಯರಿಗಂತೂ ಪೂರ್ತಿ ಫ್ರೀ, ಅದೂ ಎಸಿ ಮೊದಲ ದರ್ಜೆ ಪಾಸು. ರೈಲ್ವೆ ನೌಕರರಿಗೆ ಪಾಸುಂಟು. ನಮ್ಮಂಥ ಸರ್ಕಾರಿ ನೌಕರರಿಗೆ ಎಲ್‌ಟಿಸಿ ಉಂಟು. ಬುತ್ತಿ ಬಿಚ್ಚಿ ಜರಡಿ ಮಾತಾಡಿದ ನಮ್ಮ ಹಿರಿಯರ ಎಲ್‌ಟಿಸಿ ಬಿಲ್ ಬರೆಯೋನು ನಾನೇ! ಫ್ರೀ ಸವಾರಿ ಅವರ ಗುಣ ಕೆಡಿಸಿದ್ದು ನಾನು ಕಂಡಿಲ್ಲ. ಅದೇ ಹೊತ್ತಿಗೆ ವಯಸ್ಸಾದವರಿಗಿದ್ದ ರಿಯಾಯಿತಿಯನ್ನ 2020ರ ಮಾರ್ಚ್‌ನಲ್ಲಿ ಕಿತ್ತುಕೊಂಡರು.

ರೈಲಿನಲ್ಲಿ ನಡೆದ ನಿಜವಾದ ಘೋರ ಯಾವುದು? 2017ರ ಜೂನ್‌ನಲ್ಲಿ ಈದ್ ಹಬ್ಬಕ್ಕೆ ದೆಹಲಿಯಲ್ಲಿ ಖರೀದಿ ಮಾಡಿ ಊರಿಗೆ ಹೊರಟಿದ್ದ ಮುಸ್ಲಿಂ ಹುಡುಗನೊಬ್ಬನನ್ನ ಸೀಟಿನ ಜಗಳದಲ್ಲಿ ಇರಿದು ಕೊಂದರು. 2023ರ ಜುಲೈ 31ರಂದು ಜೈಪುರ–ಮುಂಬೈ ರೈಲಿನಲ್ಲಿ ಆರ್‌ಪಿಎಫ್ ಕಾನ್‌ಸ್ಟೇಬಲ್ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದ. ಆ ರೈಲುಗಳು ಫ್ರೀ ಇರಲಿಲ್ಲ. ಬಂದೂಕು ಹಿಡಿದವನು ಯೂನಿಫಾರ್ಮಿನಲ್ಲಿದ್ದ.

ಟಿಕೆಟ್ ಇದ್ದೂ ಜರಡಿಯಿಂದ ಹೊರಗೆ ಬಿದ್ದವರು ಮಸೂರಿನ ಕಾಲಕ್ಕೆ ಮುಗಿದುಹೋದರು ಅಂದ್ಕೋಬೇಡಿ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ಸ್ಟೇಷನ್‌ನಲ್ಲಿ ತಲೆ ಮೇಲೆ ಗಂಟು ಹೊತ್ತು ಬಂದ ರೈತನನ್ನ ಬಟ್ಟೆ ಕೊಳೆ ಅಂತ ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ತೆಗೆದು ಒಳಗೆ ಕರ್ಕೊಂಡು ಹೋದರು, ವಿಡಿಯೋ ಹಬ್ಬಿದ ಮೇಲೆ ತಡೆದವನನ್ನ ಕೆಲಸದಿಂದ ತೆಗೆದರು. ಅವನೂ ಬಡವನೇ ಇರಬೇಕು. ಯಾರನ್ನ ತಡೀಬೇಕು ಅಂತ ಅವನ ಕಣ್ಣಿಗೆ ಕಲಿಸಿದವರು ಕೆಲಸದಲ್ಲೇ ಇದ್ದಾರೆ.

2020ರ ಮೇ 8ರ ಬೆಳಗಿನ ಜಾವ ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಜನ ವಲಸೆ ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿಯಿತು. ರೈಲು ಹತ್ತೋಕೆ ಆಗದೆ ಹಳಿ ಹಿಡಿದು ಊರಿಗೆ ನಡೀತಿದ್ದವರು. ಹಳಿ ಮೇಲೆ ರೊಟ್ಟಿ ಬಿದ್ದಿದ್ದ ಫೋಟೋ ನೀವೂ ನೋಡಿದ್ದೀರಿ. ಹಳಿ ಮೇಲೆ ನಡೆಯೋದಕ್ಕೂ ರೈಲ್ವೆ ಕಾಯ್ದೆಯಲ್ಲಿ ಕಲಂ ಇದೆ, 147. ಅತಿಕ್ರಮ ಪ್ರವೇಶ. ಆರು ತಿಂಗಳು.

ಎಲ್ಲಾ ರೈಲು, ಎಲ್ಲಾ ದರ್ಜೆ ಫ್ರೀ ಮಾಡಿ ಅಂತ ನಾನು ಕೇಳ್ತಿಲ್ಲ. ವಂದೇ ಭಾರತ್ ಹತ್ತೋರು ಕೊಡಲಿ. ಪ್ಯಾಸೆಂಜರ್ ಗಾಡಿ, ಜನರಲ್ ಡಬ್ಬಿ ಫ್ರೀ ಮಾಡಿ, ಆ ಅಕ್ಕ ಹೇಳಿದ ಡಬ್ಬಿ, ದೀಪ, ಕಾವಲು ಜೊತೆಗೆ ಕೊಡಿ. ಡಿಸೆಂಬರ್ 6ಕ್ಕೆ ಕಲಬುರಗಿ, ಸೋಲಾಪುರ, ನಾಗಪುರದಿಂದ ಸ್ಪೆಷಲ್ ರೈಲು ಬಿಡ್ತಾರೆ, ಒಳ್ಳೇದು. ಆದ್ರೂ ಪ್ರತಿ ವರ್ಷ 'ಟಿಕೆಟ್ ಇಲ್ಲದ ಗುಂಪು' ಅಂತ ನಮ್ಮವರ ಫೋಟೋ ಹಾಕೋರು ಇದ್ದೇ ಇರ್ತಾರೆ. ಈ ವರ್ಷ ಅಂಥ ಪೋಸ್ಟ್ ಕಂಡರೆ ಇದನ್ನ ಅಲ್ಲಿ ಅಂಟಿಸಿ.

ನಮ್ಮ ಓಣಿಯಿಂದ ಈ ಸಲ 40 ಜನ ಹೊರಟಿದ್ದೀವಿ. ಟಿಕೆಟ್ ದುಡ್ಡು ಇಲ್ಲದ ಐದಾರು ಮುದುಕರಿದ್ದಾರೆ, ಚಂದಾ ಎತ್ತುತ್ತಿದ್ದೀವಿ. ಕೊಡೋರು ಇನ್‌ಬಾಕ್ಸಿಗೆ ಬನ್ನಿ. ಎಲ್ಲರಿಗೂ ಟಿಕೆಟ್ ತೆಗೆಸಬೇಕು ಅಂತ ನನ್ನ ಹಟ, ಅದಕ್ಕೆ ಹುಡುಗರು ನಗ್ತಾರೆ. ಆ ರಾತ್ರಿ ಆದ ಮೂರು ವರ್ಷಕ್ಕೆ ಅಪ್ಪ ಮತ್ತೆ ನನ್ನನ್ನ ದಾದರಿಗೆ ಕರ್ಕೊಂಡು ಹೋದ. ನನಗಾಗ ಹತ್ತು ವರ್ಷ, ಅರ್ಧ ಟಿಕೆಟ್ ಸಾಕಿತ್ತು. ಅಪ್ಪ ಕೌಂಟರಿನಲ್ಲಿ ಎರಡು ಫುಲ್ ಅಂದ. ಕ್ಲರ್ಕು, ಹುಡುಗನಿಗೆ ಹಾಫ್ ನಡೀತದಲ್ಲೋ ಅಂದರೂ ಕೇಳಲಿಲ್ಲ. ಎರಡೂ ರಟ್ಟಿನ ಟಿಕೆಟ್ಟು ನನ್ನ ಕೈಗೆ ಕೊಟ್ಟು, ಗಟ್ಟಿ ಹಿಡಿ ಅಂದ. ದಾದರ್ ಬರೋವರೆಗೂ ಮುಷ್ಟಿ ಬಿಚ್ಚಲಿಲ್ಲ ನಾನು.